ಬುತ್ತಿಯಲ್ಲಿ ಕಟ್ಟದ ಮಾತು

ಹುನಗುಂದದ ಸೀಮೆಯ ಮರೋಳದಂತಹ ಊರಿನಿಂದ ಒಬ್ಬ ಹುಡುಗನು ಧಾರವಾಡದ ವಿಶ್ವವಿದ್ಯಾಲಯಕ್ಕೆ ಓದಲು ಹೊರಟನೆಂದರೆ ಅದು ಒಂದು ಮನೆಯ ಸಂಗತಿಯಾಗಿ ಉಳಿಯುವುದಿಲ್ಲ, ಇಡೀ ಓಣಿಯ ಸಂಗತಿಯಾಗುತ್ತದೆ. ಎರಡು ದಿನ ಮೊದಲೇ ಒಲೆಯ ಬಳಿ ಕಟಕ ರೊಟ್ಟಿಯ ಒಟ್ಟಿಲು ಏಳುತ್ತದೆ. ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ಕೆಂಪು ಮೆಣಸಿನಕಾಯಿಯ ಚಟ್ನಿ, ಒಂದು ಡಬ್ಬಿ ಮಾದಲಿ, ಇವೆಲ್ಲ ಅರಿವೆಯ ಗಂಟಿನಲ್ಲಿ ಸೇರುತ್ತವೆ. ಕೂಡಲ ಸಂಗಮಕ್ಕೆ ಹೋಗಿ ಬಂದ ಅಜ್ಜಿಯು ಸಂಗಮನಾಥನ ವಿಭೂತಿಯನ್ನು ಕಾಗದದಲ್ಲಿ ಕಟ್ಟಿ ಕಿಸೆಗೆ ಹಾಕುತ್ತಾಳೆ. ಬುದ್ಧಿವಾದಕ್ಕಂತೂ ಕೊರತೆಯಿಲ್ಲ. ಓಡುವ ಬಸ್ಸನ್ನು ಹತ್ತಬಾರದು; ರೊಕ್ಕವನ್ನು ಒಳಗಿನ ಕಿಸೆಯಲ್ಲಿ ಇಡಬೇಕು; ಬೇರೆಯವರ ಮೋಟರ್ ಸೈಕಲ್ಲಿನ ಮೇಲೆ ಕೂಡಬಾರದು; ರಾತ್ರಿ ಹೊತ್ತು ಮೀರಿ ತಿರುಗಬಾರದು. ಹೀಗೆ ಒಬ್ಬರ ತರುವಾಯ ಒಬ್ಬರು ಹೇಳುತ್ತಾರೆ, ಹುಡುಗನು ಹೂಂಗುಟ್ಟುತ್ತಾನೆ.

ಇಪ್ಪತ್ತರ ಹರೆಯದ ಮನುಷ್ಯನಿಗೆ ಪರಸ್ಥಳದಲ್ಲಿ ಎದುರಾಗುವ ಸಂಗತಿಗಳಲ್ಲಿ ಎಲ್ಲಕ್ಕೂ ನಿಶ್ಚಿತವಾದುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಆ ಹರೆಯದ ಒಂದು ಗಂಡಿಗೂ ಒಂದು ಹೆಣ್ಣಿಗೂ ನಡುವೆ ಹುಟ್ಟುವ ಒಲವು, ಅದರಿಂದ ದೇಹಕ್ಕೆ ಬರಬಹುದಾದ ಸುಖ, ಅದರೊಡನೆಯೇ ಬರಬಹುದಾದ ಅಪಾಯ, ಇವುಗಳನ್ನು ಕುರಿತು ತಂದೆಯು ಮಗನಿಗೆ ಹೇಳುವುದಿಲ್ಲ. ತಾಯಿಯು ಮಗಳಿಗೆ ಅರ್ಧ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹತ್ತನೆಯ ಇಯತ್ತೆಯ ವಿಜ್ಞಾನ ಪುಸ್ತಕದಲ್ಲಿ ಆ ಒಂದು ಪಾಠವಿರುತ್ತದೆ. ಅಲ್ಲಿಗೆ ಬಂದ ಕೂಡಲೆ ಎಷ್ಟೋ ಮಾಸ್ತರರು 'ಇದನ್ನು ಮನೆಯಲ್ಲಿ ಓದಿಕೊಳ್ಳಿರಿ' ಎಂದು ಹಾಳೆ ಮಗುಚುತ್ತಾರೆ. ಆದರೆ ಮನೆಯಲ್ಲಿ ಅದನ್ನು ಓದಿಸುವವರು ಯಾರು? ಈ ಸೀಮೆಯ ಹೊಲಗಳಿಗೆ ರಾಮಥಾಳ-ಮರೋಳದ ಹನಿ ನೀರಾವರಿಯ ಯೋಜನೆಯಲ್ಲಿ ಸುಮಾರು 24 ಸಾವಿರ ಹೆಕ್ಟೇರಿನ ಗಿಡಗಳ ಬುಡಕ್ಕೆ ಎಷ್ಟೆಷ್ಟು ನೀರು ಬೇಕೆಂಬುದನ್ನು ಹನಿಹನಿಯಾಗಿ ಲೆಕ್ಕ ಹಾಕಿದರು. ಮನೆಯ ಮಕ್ಕಳ ವಿಷಯಕ್ಕೆ ಅಷ್ಟು ಲೆಕ್ಕವನ್ನು ಯಾರೂ ಹಾಕಲಿಲ್ಲ.

ಇಂತಹ ಬುತ್ತಿಯನ್ನು ಹೊತ್ತು ಹೋದ ಒಬ್ಬ ತರುಣನ ಸಂಗತಿ ಇದು. ಮನೆತನದ ಹೆಸರು ವಾಚಕರಿಗೆ ಬೇಕಾಗಿಲ್ಲ.

ಆತನು ಎಮ್. ಎ. ತರಗತಿಯ ಎರಡನೆಯ ವರ್ಷದಲ್ಲಿದ್ದಾಗ ಸಹಪಾಠಿಯಾದ ಒಬ್ಬ ಹುಡುಗಿಯೊಡನೆ ಸ್ನೇಹ ಬೆಳೆಯಿತು. ಅವಳು ಗದಗಿನ ಕಡೆಯವಳು. ಇಬ್ಬರೂ ಪ್ರಾಯಕ್ಕೆ ಬಂದವರು, ಇಬ್ಬರೂ ಬುದ್ಧಿವಂತರು. ಶ್ರಾವಣದ ಒಂದು ದಿನ ಆ ಸ್ನೇಹವು ಮಾತಿನ ಮೇರೆಯನ್ನು ದಾಟಿತು. ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ಹೇಳಿಬಿಡಬೇಕು: ಯಾರೂ ಯಾರನ್ನೂ ಒತ್ತಾಯಿಸಿರಲಿಲ್ಲ. ನಮ್ಮ ಸೀಮೆಯ ಮಾತಿನಲ್ಲಿ 'ಒಲ್ಲೆ' ಎಂಬ ಎರಡಕ್ಷರದ ಶಬ್ದವೊಂದಿದೆ. ಅಷ್ಟು ಚಿಕ್ಕದಾಗಿ, ಅಷ್ಟು ಪೂರ್ಣವಾಗಿ ಅಸಮ್ಮತಿಯನ್ನು ಹೇಳುವ ಶಬ್ದವು ಬೇರೆ ಭಾಷೆಗಳಲ್ಲಿ ಇದೆಯೋ ಇಲ್ಲವೋ. ಆದರೆ ಹುಡುಗಿಯ 'ಒಲ್ಲೆ'ಯಲ್ಲಿ ಅರ್ಧ 'ಹೂಂ' ಅಡಗಿದೆಯೆಂದು ಸಿನೇಮಾಗಳು ಗಂಡುಹುಡುಗರಿಗೆ ಎರಡು ಮೂರು ತಲೆಮಾರುಗಳಿಂದ ಕಲಿಸುತ್ತ ಬಂದಿವೆ. ಇದು ಶುದ್ಧ ಸುಳ್ಳು. ಒಲ್ಲೆ ಎಂದರೆ ಒಲ್ಲೆ. ಸುಮ್ಮನೆ ತಲೆ ತಗ್ಗಿಸಿದರೂ ಅದು ಒಪ್ಪಿಗೆಯಲ್ಲ. ನಿನ್ನೆ ಒಪ್ಪಿದವಳು ಇಂದು ಒಲ್ಲೆನೆಂದರೆ ಇಂದಿನ ಮಾತೇ ಮಾತು. ಹದಿನೆಂಟು ತುಂಬದವರ ಒಪ್ಪಿಗೆಯನ್ನಂತೂ 2012 ರ ಪೋಕ್ಸೋ ಕಾನೂನು ಒಪ್ಪಿಗೆಯೆಂದು ಗಣಿಸುವುದೇ ಇಲ್ಲ. ಈ ತರುಣನಿಗೆ ಇಷ್ಟಾದರೂ ತಿಳಿದಿದ್ದಿತು. ತಿಳಿಯದೆ ಇದ್ದುದು ಬೇರೆ. ಅಂಗಡಿಯಲ್ಲಿ ಸಿಗುವ, ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿಯೂ ಸಿಗುವ ನಿರೋಧವನ್ನು ಕೇಳಿ ತರಲು ಆತನ ನಾಲಗೆ ಏಳಲಿಲ್ಲ. ಸರಕಾರವು 'ನಿರೋಧ್' ಎಂಬ ಹೆಸರಿನಿಂದ ಅದನ್ನು ಊರೂರಿಗೆ ಹಂಚತೊಡಗಿದ್ದು 1968 ರಲ್ಲಿ. ಅರ್ಧ ಶತಮಾನ ಕಳೆದರೂ ಅದರ ಹೆಸರನ್ನು ಅಂಗಡಿಕಾರನ ಮುಂದೆ ಹೇಳುವುದು ಕಳವು ಮಾಡಿದಷ್ಟು ಕಠಿಣವಾಗಿಯೇ ಉಳಿದಿದೆ.

ಮೂರು ವಾರ ಕಳೆದ ಮೇಲೆ ಆತನ ಗುಪ್ತಾಂಗದ ಮೇಲೆ ಒಂದು ಚಿಕ್ಕ ಹುಣ್ಣು ಕಾಣಿಸಿತು. ನೋವಿಲ್ಲ, ಕೀವಿಲ್ಲ. ಆದರೆ ಎದೆಯೊಳಗೆ ಬೆಂಕಿ ಬಿದ್ದಿತು. ಯಾರನ್ನು ಕೇಳಬೇಕು? ವಸತಿಗೃಹದ ಗೆಳೆಯರು ನಗುವರು. ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿದನು. ಅಲ್ಲಿ ಒಂದು ಹುಣ್ಣಿಗೆ ಇಪ್ಪತ್ತು ರೋಗಗಳ ಹೆಸರು ಸಿಕ್ಕವು, ಇಪ್ಪತ್ತೂ ತನಗೇ ಇವೆಯೆಂದು ತೋರಿತು. ಕಡೆಗೆ ಬಸ್ ನಿಲ್ದಾಣದ ಮೂತ್ರಾಲಯದ ಗೋಡೆಗೆ ಅಂಟಿಸಿದ್ದ ಒಂದು ಕಾಗದವು ಆತನಿಗೆ ಗುರುವಾಯಿತು. 'ಗುಪ್ತರೋಗಗಳಿಗೆ ಗ್ಯಾರಂಟಿ ಚಿಕಿತ್ಸೆ' ಎಂಬ ಆ ಕಾಗದಗಳನ್ನು ನಾಡಿನ ಯಾವ ನಿಲ್ದಾಣದಲ್ಲಿ ಕಾಣಲಾಗದು? ಮಾಳಿಗೆಯ ಮೇಲಿನ ಒಂದು ಕೋಣೆಯಲ್ಲಿ ಕುಳಿತಿದ್ದ 'ವೈದ್ಯ'ನು ಹುಣ್ಣನ್ನು ಸರಿಯಾಗಿ ನೋಡದೆ, ರಕ್ತವನ್ನು ತಪಾಸಿಸದೆ, ಆರು ಸಾವಿರ ರೂಪಾಯಿ ತೆಗೆದುಕೊಂಡು ಕೆಲವು ಪುಡಿಯ ಪೊಟ್ಟಣಗಳನ್ನು ಕೊಟ್ಟನು. ಅದು ಪರೀಕ್ಷೆಯ ಫೀಜಿಗಾಗಿ ತಂದೆಯು ಕಳಿಸಿದ ಹಣವಾಗಿದ್ದಿತು. ತಿಂಗಳೊಪ್ಪತ್ತಿನಲ್ಲಿ ಹುಣ್ಣು ಮಾಯವಾಯಿತು. ತರುಣನು ಪುಡಿಯ ಗುಣವೆಂದು ನಂಬಿದನು.

ಅದು ಪುಡಿಯ ಗುಣವಲ್ಲ, ರೋಗದ ಗುಣ. ಹಿಂದಿನವರು ಪರಂಗಿ ರೋಗವೆಂದು ಕರೆಯುತ್ತಿದ್ದ, ವೈದ್ಯಗ್ರಂಥಗಳು ಉಪದಂಶವೆನ್ನುವ, ಡಾಕ್ಟರರು ಸಿಫಿಲಿಸ್ ಎನ್ನುವ ವ್ಯಾಧಿಯ ಮೊದಲ ಹುಣ್ಣು ಯಾವ ಔಷಧವೂ ಇಲ್ಲದೆ ಮೂರರಿಂದ ಆರು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ರೋಗವು ಮಾತ್ರ ರಕ್ತದೊಳಗೆ ಅಡಗಿ ಕೂಡುತ್ತದೆ. ಕೆಲಕಾಲದ ಮೇಲೆ ಮೈಮೇಲೆ ದದ್ದುಗಳಾಗಿ ಏಳಬಹುದು, ವರ್ಷಗಳ ಮೇಲೆ ಹೃದಯವನ್ನೋ ಮಿದುಳನ್ನೋ ಹಿಡಿಯಬಹುದು, ಗರ್ಭಿಣಿಯಿಂದ ಕೂಸಿಗೂ ಇಳಿಯಬಹುದು. ಮಾಳಿಗೆಯ ವೈದ್ಯರೆಲ್ಲ ಬಾಳುವುದು ಈ ಒಂದು ಚಮತ್ಕಾರದ ಮೇಲೆ. 'ಗುಪ್ತರೋಗ'ವೆಂಬ ಹೆಸರಾದರೂ ಅವರಿಗೇ ಅನುಕೂಲವಾದುದು. ಅಂಗವು ಗುಪ್ತವಾಗಿರಲಿ, ರೋಗವೇಕೆ ಗುಪ್ತವಾಗಿರಬೇಕು? ಕಣ್ಣಿನ ರೋಗಕ್ಕೆ ಕಣ್ಣಿನ ಹೆಸರಿದೆ, ಹಲ್ಲಿನ ರೋಗಕ್ಕೆ ಹಲ್ಲಿನ ಹೆಸರಿದೆ. ಈ ರೋಗಗಳಿಗೆ ಮಾತ್ರ ಬಚ್ಚಿಡಬೇಕೆಂಬ ಅಪ್ಪಣೆಯೇ ಹೆಸರಾಗಿ ಕುಳಿತಿದೆ.

ಹುಣ್ಣು ಹೋದರೂ ಅಂಜಿಕೆ ಹೋಗಲಿಲ್ಲ. ಎಚ್.ಐ.ವಿ. ಎಂಬ ಮೂರಕ್ಷರಗಳು ಆತನನ್ನು ನಿದ್ರೆಯಲ್ಲಿಯೂ ಬಿಡಲಿಲ್ಲ. ಆ ಹುಡುಗಿಯೊಡನೆ ಮಾತು ಬಿಟ್ಟನು. ಅವಳು ಎದುರಿಗೆ ಬಂದರೆ ಗ್ರಂಥಾಲಯದ ಬೇರೆ ಬಾಗಿಲಿನಿಂದ ಹೊರಬೀಳುತ್ತಿದ್ದನು. ಹೀಗಿರಲು ಎಳ್ಳ ಅಮಾವಾಸ್ಯೆ ಬಂದಿತು. ಆತನು ಊರಿಗೆ ಬಂದನು.

ಆ ಮನೆಯಲ್ಲಿ ಆತನ ಅತ್ತೆ, ಎಂದರೆ ಸೋದರಮಾವನ ಹೆಂಡತಿ, ಬಹುದಿನದಿಂದ ಇದ್ದಳು. ಮಾವನು ಲಾರಿಯ ಮೇಲೆ ಊರೂರು ತಿರುಗುತ್ತಿದ್ದನು. 2003 ರಲ್ಲಿ, ಈ ಹುಡುಗನು ತೊಟ್ಟಿಲಲ್ಲಿದ್ದಾಗ, ಕ್ಷಯದಿಂದ ತೀರಿಕೊಂಡನೆಂದು ಮಕ್ಕಳೆಲ್ಲ ಕೇಳಿ ಬೆಳೆದಿದ್ದರು. ಚರಗ ಚೆಲ್ಲಿ, ಹೊಲದಲ್ಲಿ ಎಲ್ಲರೂ ಉಣ್ಣಲು ಕುಳಿತಾಗ, ಸಜ್ಜಿಯ ರೊಟ್ಟಿಯನ್ನು ಮುರಿದು ಮುರಿದು ತಾಟಿನಲ್ಲಿಯೇ ಬಿಟ್ಟು ಕುಳಿತ ಅಳಿಯನನ್ನು ಆಕೆ ನೋಡಿದಳು. ಎಲ್ಲರೂ ಗಾಡಿಯ ಕಡೆಗೆ ನಡೆದ ಮೇಲೆ ಬನ್ನಿಯ ಗಿಡದ ಕೆಳಗೆ ಆತನನ್ನು ನಿಲ್ಲಿಸಿ ಕೇಳಿದಳು. ಆತನು ಮೊದಲು ಪರೀಕ್ಷೆಯ ಚಿಂತೆಯೆಂದನು; ಆಮೇಲೆ ಅತ್ತನು; ಆಮೇಲೆ ಹೇಳಿದನು. ಆಕೆ ಬೈಯಲಿಲ್ಲ.

'ತಮ್ಮಾ, ನಿನ್ನ ಮಾಮಾಗ ಕ್ಷಯ ಆಗಿತ್ತು, ಸುಳ್ಳಲ್ಲ. ಆದರ ಕ್ಷಯ ಬಂದದ್ದು ಆ ದೊಡ್ಡ ಜಡ್ಡಿನಿಂದ. ರಕ್ತ ತಪಾಸ ಮಾಡಿಸಿಕೊಳ್ಳಾಕ ಅವರು ನಾಚಿದ್ರು. ನಾಚಿಕೊಂಡ ಸತ್ರು. ನನಗೂ ಅದ ಐತಿ. ಇಪ್ಪತ್ತು ವರ್ಷ ಆತು. ನಾ ಸತ್ತೇನೇನ?'

ಹುಡುಗನು ಬೆಪ್ಪಾಗಿ ನಿಂತನು. ದಿನವೂ ನಾಲ್ಕು ಗಂಟೆಗೆ ಎದ್ದು ಎಮ್ಮೆ ಹಿಂಡುವ, ಕಳೆ ತೆಗೆಯುವ ಕೂಲಿಯಲ್ಲಿ ಊರಿನ ಹುಡುಗಿಯರನ್ನೆಲ್ಲ ಹಿಂದಿಕ್ಕುವ ಈ ಅತ್ತೆಗೆ!

ಆಕೆಯ ಸಂಗತಿಯು ಆಕೆಯೊಬ್ಬಳದಾಗಿರಲಿಲ್ಲ. ಭರತಖಂಡದಲ್ಲಿ ಈ ಸೋಂಕು ಮೊದಲು ಗೊತ್ತಾದದ್ದು 1986 ರಲ್ಲಿ, ಮದ್ರಾಸಿನಲ್ಲಿ. ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆಯು ಜಿಲ್ಲೆಯಾದದ್ದು 1997 ರಲ್ಲಿ. ಹೊಸ ಜಿಲ್ಲೆಗೆ ಇನ್ನೂ ಕಚೇರಿಗಳು ಸರಿಯಾಗಿ ಏಳುವುದರೊಳಗೆ ಈ ರೋಗವು ಹಳ್ಳಿಹಳ್ಳಿಗಳಲ್ಲಿ ಬೇರೂರಿದ್ದಿತು. 2003 ರ ಸುಮಾರಿಗೆ ಈ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ರಕ್ತ ತಪಾಸಿಸಿದ ವಿದ್ವಾಂಸರಿಗೆ ಪ್ರಾಯದ ಜನರಲ್ಲಿ ನೂರಕ್ಕೆ ಹೆಚ್ಚುಕಡಿಮೆ ಮೂವರಲ್ಲಿ ಸೋಂಕು ಕಂಡಿತು. ಅದೂ ಪೇಟೆಗಿಂತ ಹಳ್ಳಿಗಳಲ್ಲಿಯೇ ಹೆಚ್ಚಾಗಿ. ಮಹಾನಗರಗಳ ರೋಗವೆಂದು ಎಲ್ಲರೂ ತಿಳಿದದ್ದು ಜೋಳದ ಹೊಲದ ಬದುವಿನಲ್ಲಿ ಸಿಕ್ಕಿತು. ಭಾರತ ಮತ್ತು ಕೆನಡಾ ದೇಶಗಳ ಜಂಟಿ ಯೋಜನೆಯೊಂದು ಆಗ ಇದೇ ಜಿಲ್ಲೆಯನ್ನು ಮಾದರಿ ಕೆಲಸಕ್ಕೆ ಆಯ್ದುಕೊಂಡದ್ದು ಅದಕ್ಕಾಗಿಯೇ. ಮಳೆ ಹೋದ ವರ್ಷ ಗೋವೆಗೂ ಮಂಗಳೂರಿಗೂ ದುಡಿಯಲು ಹೋಗುವ ಗಂಡಸರು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, 1982 ರ ಕಾನೂನಿನ ಆಚೆಗೂ ಅನ್ನಕ್ಕೆ ಬೇರೆ ದಾರಿಯಿಲ್ಲದೆ ಉಳಿದ ಹೆಣ್ಣುಮಕ್ಕಳು. ಇವರಿಬ್ಬರ ನಡುವೆ ಬಡತನವೇ ದಲ್ಲಾಳಿಯಾಗಿದ್ದಿತು. ಊರು ಮಾತ್ರ ಎಂದಿನಂತೆ ಹೆಣ್ಣನ್ನೇ ಬೈದಿತು. ಈ ಅತ್ತೆಯನ್ನೂ ಬೈದಿತು. ಗಂಡನಿಂದ ಸೋಂಕು ಪಡೆದ ಹತ್ತೊಂಬತ್ತರ ಹುಡುಗಿಯನ್ನು ಗಂಡನ ಮನೆಯವರು ಹೊರಗೆ ಹಾಕಿದರು, ತವರಿನವರು ಒಳಗೆ ಕರೆಯಲಿಲ್ಲ. ನಾದಿನಿಯಾದ ಈ ಹುಡುಗನ ತಾಯಿಯು ಕರೆತಂದು ಇಟ್ಟುಕೊಂಡಳು. ಅದು ದೊಡ್ಡ ಮನಸ್ಸೇ ಸರಿ. ಆದರೂ ಬಹುದಿನ ಆಕೆಯ ತಾಟು, ಚರಿಗೆ ಬೇರೆಯಾಗಿಯೇ ಇದ್ದವು. ಉಂಡ ತಾಟಿನಿಂದಾಗಲಿ, ಮುಟ್ಟಿದ ಕೈಯಿಂದಾಗಲಿ, ಸೊಳ್ಳೆಯಿಂದಾಗಲಿ ಈ ಸೋಂಕು ಬರುವುದಿಲ್ಲವೆಂದು ಆಶಾ ಕಾರ್ಯಕರ್ತೆಯು ಹಲವು ಸಲ ಬಂದು ಹೇಳಿದ ಮೇಲೆ ಒಂದು ದೀಪಾವಳಿಯ ದಿನ ತಾಟುಗಳು ಒಂದಾದವು.

2004 ರ ಏಪ್ರಿಲಿನಿಂದ ಸರಕಾರವು ಇದರ ಔಷಧವನ್ನು ಪುಕ್ಕಟೆಯಾಗಿ ಕೊಡತೊಡಗಿತು. ಆಕೆ ಮೊದಮೊದಲು ಹುಬ್ಬಳ್ಳಿಗೆ ಹೋಗಿ ತರುತ್ತಿದ್ದಳು, ಈಗ ಬಾಗಲಕೋಟೆಗೆ ಹೋಗುತ್ತಾಳೆ. ದಿನಕ್ಕೊಂದು ಗುಳಿಗೆ. ತಪ್ಪದೆ ನುಂಗಿದವರ ರಕ್ತದಲ್ಲಿ ವಿಷಾಣುಗಳು ತಪಾಸಣೆಗೆ ಸಿಗದಷ್ಟು ಕಡಿಮೆಯಾಗುತ್ತವೆ. ಅಷ್ಟಾದವರಿಂದ ಸಂಸರ್ಗದಲ್ಲಿಯೂ ಇನ್ನೊಬ್ಬರಿಗೆ ಸೋಂಕು ತಗಲುವುದಿಲ್ಲವೆಂಬುದು ಈಗ ಸಿದ್ಧವಾದ ಮಾತು. ಇದನ್ನು ಆಕೆ ಆಸ್ಪತ್ರೆಯಲ್ಲಿ ಕೇಳಿ ಬಂದಿದ್ದಳು. ಆದರೆ ಹೇಳಲು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಮರುದಿನ ಔಷಧ ತರುವ ನೆಪದಿಂದ ಅತ್ತೆ ಅಳಿಯರಿಬ್ಬರೂ ಬಾಗಲಕೋಟೆಯ ಬಸ್ಸು ಹಿಡಿದರು. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂತಹ ರೋಗಗಳಿಗೆಂದೇ 'ಸುರಕ್ಷಾ ಕ್ಲಿನಿಕ್' ಎಂಬ ವಿಭಾಗವಿರುತ್ತದೆ. ಅಲ್ಲಿಯ ಆಪ್ತಸಮಾಲೋಚಕಿಯು ಬಾಗಿಲು ಮುಚ್ಚಿ, ಕುರ್ಚಿ ತೋರಿಸಿ, ಹವೆಮಾನವನ್ನು ಕೇಳುವಷ್ಟು ಸಹಜವಾಗಿ ಎಲ್ಲವನ್ನೂ ಕೇಳಿದಳು. ಒಪ್ಪಿಗೆಯಿಲ್ಲದೆ ರಕ್ತ ತಪಾಸಿಸುವಂತಿಲ್ಲ; ಫಲಿತಾಂಶವನ್ನು ತಂದೆಗಾಗಲಿ, ಕಾಲೇಜಿಗಾಗಲಿ, ಯಾರಿಗೂ ತಿಳಿಸುವಂತಿಲ್ಲ; ಸೋಂಕು ಇದ್ದರೂ ಅದಕ್ಕಾಗಿ ವಿದ್ಯಾಲಯದಿಂದಾಗಲಿ ನೌಕರಿಯಿಂದಾಗಲಿ ತೆಗೆಯುವಂತಿಲ್ಲ. ಇದು 2017 ರ ಎಚ್.ಐ.ವಿ. ಕಾಯಿದೆಯ ಮಾತು, 2018 ರ ಸಪ್ಟಂಬರದಿಂದ ಜಾರಿಯಲ್ಲಿದೆ. ಅವಳು ಇನ್ನೊಂದು ಮಾತು ಹೇಳಿದಳು, ಅದನ್ನು ಕೇಳಿ ಹುಡುಗನ ಹೊಟ್ಟೆ ಉರಿಯಿತು. ಸೋಂಕಿನ ಸಂಶಯವುಳ್ಳ ಸಂಸರ್ಗವಾದ 72 ತಾಸುಗಳೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು, ಆಸ್ಪತ್ರೆಗೆ ಬಂದರೆ 28 ದಿನದ ಗುಳಿಗೆಗಳಿಂದ ಎಚ್.ಐ.ವಿ. ಬೇರೂರುವುದನ್ನು ಬಹುಮಟ್ಟಿಗೆ ತಡೆಯಬಹುದು. ಆ ಮೂರು ದಿನಗಳನ್ನು ಆತನು ಹಾಸಿಗೆಯಲ್ಲಿ ಮುಸುಕು ಹೊದ್ದು ಕಳೆದಿದ್ದನು.

ಎಚ್.ಐ.ವಿ. ಇರಲಿಲ್ಲ. ಮೂರು ತಿಂಗಳು ದಾಟಿದ್ದರಿಂದ ಆ ಫಲಿತಾಂಶವು ನೆಚ್ಚತಕ್ಕದ್ದೆಂದು ಡಾಕ್ಟರರು ಹೇಳಿದರು. ತೀರ ಮೊದಲ ವಾರಗಳಲ್ಲಿ ತಪಾಸಿಸಿದರೆ ಸೋಂಕಿದ್ದರೂ ಕಾಣದೆ ಹೋಗಬಹುದಂತೆ. ಪರಂಗಿ ರೋಗ ಮಾತ್ರ ಇದ್ದಿತು. ಆ ರೋಗಕ್ಕೆ, ಮೊದಲ ಹಂತಗಳಲ್ಲಿ ಸಿಕ್ಕರೆ, ಪೆನಿಸಿಲಿನ್ನಿನ ಒಂದೇ ಚಿಕಿತ್ಸೆ ಸಾಕು. ಎರಡು ಕುಂಡಿಗಳಿಗೂ ಒಂದೊಂದು ಸೂಜಿ ಚುಚ್ಚಿದರು. ಹುಡುಗನು ಎರಡು ದಿನ ಓರೆಯಾಗಿ ಕುಳಿತನು. ಖರ್ಚು ಏನೂ ಇಲ್ಲ. ಮಾಳಿಗೆಯ ವೈದ್ಯನಿಗೆ ಕೊಟ್ಟ ಆರು ಸಾವಿರವನ್ನು ನೆನೆದು ಅತ್ತೆಯು ಆತನಿಗಿಂತ ಹೆಚ್ಚು ಮರುಗಿದಳು.

'ನಿನ್ನ ಜೋಡಿ ಇದ್ದವರನ್ನೂ ಕರಕೊಂಡು ಬಾ' ಎಂದು ಡಾಕ್ಟರರು ಹೇಳಿದರು. ಸೂಜಿಯ ನೋವು ಈ ಮಾತಿನ ಮುಂದೆ ಏನೂ ಅಲ್ಲ. ಒಬ್ಬರು ವಾಸಿಯಾಗಿ ಇನ್ನೊಬ್ಬರು ವಾಸಿಯಾಗದಿದ್ದರೆ ಇಬ್ಬರೂ ವಾಸಿಯಾಗಲಿಲ್ಲವೆಂದೇ ಲೆಕ್ಕ. ಯಾರಿಂದ ಯಾರಿಗೆ ಬಂದಿತೆಂದು ತರುಣನು ಕೇಳಿದನು. ಆಪ್ತಸಮಾಲೋಚಕಿಯು, ಆ ಪ್ರಶ್ನೆಗೆ ಆಸ್ಪತ್ರೆಯಲ್ಲಿ ಔಷಧವಿಲ್ಲವೆಂದಳು.

ಧಾರವಾಡಕ್ಕೆ ಮರಳಿದ ಆತನು ನಾಲ್ಕು ದಿನ ತಡೆದು, ಐದನೆಯ ದಿನ ಅವಳನ್ನು ಕಂಡು ಎಲ್ಲವನ್ನೂ ಹೇಳಿದನು. ಅವಳು ಸಿಟ್ಟಾಗುವಳೆಂದು ಅಂಜಿದ್ದನು, ಅವಳು ಸಿಟ್ಟಾದಳು. ಆದರೆ ರೋಗಕ್ಕಲ್ಲ, ಮೌನಕ್ಕೆ. ಆಗ ಆತನಿಗೆ ತಾನು ಒಮ್ಮೆಯೂ ಯೋಚಿಸದೆ ಇದ್ದ ಸಂಗತಿಯೊಂದು ಗೊತ್ತಾಯಿತು. ಶ್ರಾವಣದ ಆ ದಿನದ ಮರುದಿನವೇ ಅವಳು ಗರ್ಭದ ಅಂಜಿಕೆಯಿಂದ ಆಟೋ ಹಿಡಿದು, ವಸತಿಗೃಹದಿಂದ ಬಹುದೂರದ ಒಂದು ಔಷಧದ ಅಂಗಡಿಗೆ ಹೋಗಿ, ತುರ್ತು ಗುಳಿಗೆಯನ್ನು ತಂದು ನುಂಗಿದ್ದಳು. ಅಂಗಡಿಕಾರನು ಅದನ್ನು ಹಳೆಯ ಪತ್ರಿಕೆಯ ಕಾಗದದಲ್ಲಿ ಸುತ್ತಿ, ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಒಗೆದಿದ್ದನು. 72 ತಾಸುಗಳೊಳಗೆ ನುಂಗಬೇಕಾದ ಆ ಗುಳಿಗೆಯು ವೈದ್ಯರ ಚೀಟಿಯಿಲ್ಲದೆಯೂ ಸಿಗುತ್ತದೆ. ಅದು ಗರ್ಭವನ್ನು ತಡೆಯುವುದೇ ಹೊರತು ರೋಗವನ್ನಲ್ಲ, ಮತ್ತು ತಿಂಗಳಾಯಿತೆಂದರೆ ನುಂಗುವ ವಸ್ತುವೂ ಅಲ್ಲ. ಮುಟ್ಟು ಬರುವವರೆಗೆ ಅವಳು ದಿನ ಎಣಿಸಿದಳು. ಎಣಿಸುವಾಗ ಜೊತೆಗಿರಬೇಕಾದವನು ಗ್ರಂಥಾಲಯದ ಹಿಂಬಾಗಿಲಿನಲ್ಲಿದ್ದನು.

ಒಂದು ವೇಳೆ ಗರ್ಭ ನಿಂತಿದ್ದರೆ? ಸೂಲಗಿತ್ತಿಯ ಕಡ್ಡಿಗೋ ಬಾವಿಗೋ ಹೋದ ಹೆಣ್ಣುಮಕ್ಕಳ ಕಥೆಗಳು ಈ ಭಾಗದಲ್ಲಿ ಹೊಸವಲ್ಲ. 1971 ರ ಕಾಯಿದೆಯನ್ನು 2021 ರಲ್ಲಿ ತಿದ್ದಿದ ಮೇಲೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದಿಂದ ಗರ್ಭವನ್ನು ತೆಗೆಸಬಹುದು. ಮದುವೆಯಾಗದವಳಿಗೂ ಮದುವೆಯಾದವಳಷ್ಟೇ ಅಧಿಕಾರವುಂಟೆಂದು ಸರ್ವೋಚ್ಚ ನ್ಯಾಯಾಲಯವು 2022 ರ ಸಪ್ಟಂಬರದಲ್ಲಿ ತೀರ್ಪಿತ್ತಿದೆ. ಹದಿನೆಂಟು ತುಂಬಿದವಳಿಗೆ ತಂದೆತಾಯಿಗಳ ಸಹಿಯೂ ಬೇಡ. ಇದನ್ನು ಅವಳೂ ತಿಳಿದಿರಲಿಲ್ಲ, ಆತನೂ ತಿಳಿದಿರಲಿಲ್ಲ. ಇಬ್ಬರೂ ಷೇಕ್ಸ್‌ಪಿಯರನನ್ನು ಓದಿಕೊಂಡಿದ್ದರು.

ಅವಳ ರಕ್ತದಲ್ಲಿಯೂ ಆ ರೋಗವಿದ್ದಿತು, ಅವಳಿಗೂ ಚಿಕಿತ್ಸೆಯಾಯಿತು. ಕೆಲವು ತಿಂಗಳ ಮೇಲೆ ಮರುತಪಾಸಣೆಯಲ್ಲಿ ಇಬ್ಬರೂ ವಾಸಿಯಾದುದು ಗೊತ್ತಾಯಿತು. ಮುಂದೆ ಅವರ ಮದುವೆಯಾಯಿತೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆಗಲಿಲ್ಲ. ದಾರಿಯಲ್ಲಿ ಕಂಡರೆ ನಿಂತು ಮಾತಾಡುತ್ತಾರೆ.

ನಮ್ಮ ಹಿರಿಯರು ಇಂತಹ ಮಾತನ್ನು ಆಡುತ್ತಿರಲಿಲ್ಲ, ಇದೆಲ್ಲ ಹೊಸ ಕಾಲದ ನಿರ್ಲಜ್ಜತೆಯೆಂದು ಹೇಳುವವರುಂಟು. ಅದು ನಿಜವಲ್ಲ. ಈ ಭಾಗವು ಮುಂಬಯಿ ಇಲಾಖೆಯಲ್ಲಿದ್ದ ಕಾಲಕ್ಕೆ, 1921 ರಲ್ಲಿಯೇ, ರಘುನಾಥ ಧೋಂಡೋ ಕರ್ವೆಯವರು ಮುಂಬಯಿಯಲ್ಲಿ ಸಂತತಿನಿಯಮನದ ಕೇಂದ್ರವನ್ನು ತೆರೆದರು. 1927 ರಿಂದ ತಾವು ತೀರಿಕೊಂಡ 1953 ರ ವರೆಗೆ 'ಸಮಾಜಸ್ವಾಸ್ಥ್ಯ'ವೆಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿದರು. ಕೆಲಸ ಕಳೆದುಕೊಂಡರು, ಕೋರ್ಟಿನ ಮೆಟ್ಟಿಲು ಹತ್ತಿದರು, ಪತ್ರಿಕೆ ನಿಲ್ಲಿಸಲಿಲ್ಲ. ಮೈಸೂರು ಸಂಸ್ಥಾನವು 1930 ರಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿಯೇ ಸಂತತಿನಿಯಮನದ ಸಲಹೆ ಕೊಡುವ ಏರ್ಪಾಡು ಮಾಡಿತು. ಜಗತ್ತಿನಲ್ಲಿಯೇ ಮೊದಲ ಸರಕಾರಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ವೈದ್ಯೆಯಾಗಿದ್ದ ಅನುಪಮಾ ನಿರಂಜನರು 'ದಾಂಪತ್ಯ ದೀಪಿಕೆ'ಯನ್ನು ಬರೆದರು. ಅದನ್ನು ಎಷ್ಟೋ ಮನೆಗಳಲ್ಲಿ ಹೊಸ ಮದುಮಕ್ಕಳು ಹಾಸಿಗೆಯ ಕೆಳಗಿಟ್ಟು ಓದಿದರು. ಹಿರಿಯರಲ್ಲಿ ಆಡಿದವರೂ ಇದ್ದರು, ಬಚ್ಚಿಟ್ಟವರೂ ಇದ್ದರು. ಬಚ್ಚಿಟ್ಟವರ ಮಾತನ್ನೇ ಸಂಪ್ರದಾಯವೆಂದು ಕರೆಯುವುದು ಸರಿಯಲ್ಲ. 2007 ರಲ್ಲಿ ಶಾಲೆಗಳ ತಾರುಣ್ಯ ಶಿಕ್ಷಣವನ್ನು ವಿರೋಧಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದಿತೆಂಬುದನ್ನು 1930 ರ ಜೊತೆಗಿಟ್ಟು ನೋಡಿದರೆ, ಕಾಲವು ಮುಂದೆ ಹೋಗುತ್ತದೆಯೋ ಹಿಂದೆ ಬರುತ್ತದೆಯೋ ತಿಳಿಯದಾಗುತ್ತದೆ.

ಈಗ ಕಾಲೇಜುಗಳಲ್ಲಿ ರೆಡ್ ರಿಬ್ಬನ್ ಕ್ಲಬ್ಬುಗಳಿವೆ. ಡಿಸೆಂಬರ 1 ಕ್ಕೆ ಫಲಕ ಹಿಡಿದು ಮೆರವಣಿಗೆ ಮಾಡುತ್ತಾರೆ. ಉಳಿದ ದಿನ ಫಲಕಗಳು ಕಪಾಟಿನ ಮೇಲೆ ಧೂಳು ತಿನ್ನುವುದೇ ಹೆಚ್ಚು. ಲೈಂಗಿಕ ಕಿರುಕುಳದ ದೂರನ್ನು ಕೇಳುವ ಆಂತರಿಕ ಸಮಿತಿಯು ಪ್ರತಿಯೊಂದು ವಿದ್ಯಾಲಯದಲ್ಲಿಯೂ ಇರಬೇಕೆಂದು 2015 ರ ನಿಯಮವಿದೆ. 1097 ಎಂಬ ಸಂಖ್ಯೆಗೆ ಫೋನು ಮಾಡಿ, ಹೆಸರು ಹೇಳದೆ, ಎಚ್.ಐ.ವಿ. ಬಗ್ಗೆ ಕೇಳಬಹುದು. ಒಲವಿನ ದಿನಗಳಲ್ಲಿ ತೆಗೆದ ಚಿತ್ರವನ್ನು ಮುನಿಸಿನ ದಿನಗಳಲ್ಲಿ ಹರಡುವೆನೆಂದು ಬೆದರಿಸುವವನಿಗೆ ಸೆರೆಮನೆಯುಂಟು. ಇವೆಲ್ಲ ಕಾಗದದಲ್ಲಿವೆ. ಹೊಲದಲ್ಲಿ ನೀರಿನ ಕೊಳವೆ ಹಾಯ್ದಂತೆ ಇವೂ ಹಾಯ್ದಿವೆ, ಗಿಡದ ಬುಡದಲ್ಲಿ ತೂತು ಬಿಡಿಸುವವರು ಬೇಕು.

ಮುಂದಿನ ಜೂನದಲ್ಲಿ ಆ ಹುಡುಗನ ತಂಗಿಯು ಕಾಲೇಜಿಗೆ ಹೊರಟಳು. ಮತ್ತೆ ಕಟಕ ರೊಟ್ಟಿಯ ಒಟ್ಟಿಲು, ಹಿಂಡಿ, ವಿಭೂತಿ. ತಾಯಿಯು ಗಂಟು ಕಟ್ಟುತ್ತಿರುವಾಗ ಅತ್ತೆಯು ಒಳಗೆ ಬಂದು, ಪಡಸಾಲೆಯ ಕಡೆಯ ಬಾಗಿಲನ್ನು ಮುಂದೆ ಮಾಡಿ, ಹುಡುಗಿಯನ್ನು ಕೈಹಿಡಿದು ಕೂಡಿಸಿಕೊಂಡಳು. ಸೆರಗಿನಲ್ಲಿ ತನ್ನ ಗುಳಿಗೆಯ ಡಬ್ಬಿಯಿದ್ದಿತು. ಅದನ್ನು ತೆಗೆದು ಮುಂದಿಟ್ಟಳು. ತಾಯಿಗೆ ಅರ್ಥವಾಯಿತು. ಗಂಟನ್ನು ಬಿಟ್ಟು ಎದ್ದು ಹೋಗತೊಡಗಿದಳು.

'ನೀವೂ ಕೂಡ್ರಿ, ಅಕ್ಕಾರ' ಎಂದಳು ಅತ್ತೆ. 'ನೀವು ಎದ್ದು ಹೋದರ ಹುಡುಗಿ ಇದನ್ನ ಕಳವಿನ ಮಾತು ಅಂತ ತಿಳಕೊಂತಾಳ.'

ತಾಯಿಯು ಹೊಸ್ತಿಲ ಬಳಿ ತುಸು ಹೊತ್ತು ನಿಂತಳು. ಆಮೇಲೆ ಬಂದು ಕುಳಿತಳು. ಬಸ್ಸಿಗೆ ಇನ್ನೂ ಒಂದೂವರೆ ತಾಸು ಇದ್ದಿತು.